ನೀಲಿ ಪೆಡಲು ಮತ್ತು ಮಾವನವರ ಕಿವಿ

"ಯಾವುದು ಚೆನ್ನಾಗಿದೆ? ಒಂದೋ, ಎರಡೋ?"

ಈ ಪ್ರಶ್ನೆಯನ್ನು ಕನ್ನಡಕದವರು ಇಪ್ಪತ್ತೆರಡು ವರ್ಷಗಳಿಂದ, ದಿನಕ್ಕೆ ಮೂವತ್ತು ಸಲವಾದರೂ, ಊರವರಿಗೆಲ್ಲ ಕೇಳುತ್ತ ಬಂದಿದ್ದರು. ಗಿರಾಕಿಯನ್ನು ಪರೀಕ್ಷೆಯ ಕುರ್ಚಿಯಲ್ಲಿ ಕೂರಿಸಿ, ಮೂಗಿನ ಮೇಲೆ ಲೋಹದ ಚೌಕಟ್ಟನ್ನೇರಿಸಿ, ಒಂದು ಮಸೂರ ತೆಗೆದು ಇನ್ನೊಂದನ್ನಿಳಿಸಿ, "ಒಂದೋ, ಎರಡೋ?" ಎನ್ನುವರು. ಉತ್ತರಕ್ಕೆ ತಡವರಿಸುವವರನ್ನು ಕಂಡರೆ ಅವರಿಗೆ ಒಳಗೊಳಗೇ ತಾತ್ಸಾರ. ಇರುವುದೇ ಎರಡು, ಅದರಲ್ಲೊಂದನ್ನು ಹೇಳುವುದಕ್ಕೇನು ಧಾಡಿ?

ಅಂಥ ಮನುಷ್ಯನಿಗೆ ಆ ಭಾನುವಾರ ಬೆಳಿಗ್ಗೆ ಹೆಂಡತಿ ಅದೇ ಪ್ರಶ್ನೆ ಕೇಳಿದಳು. ಅವರಿಗೆ ಉತ್ತರ ಹೊಳೆಯಲಿಲ್ಲ.

ಊಟದ ಮೇಜಿನ ಮೇಲೆ ಎರಡು ಗಿಟಾರ್ ಪೆಡಲುಗಳು ಕೂತಿದ್ದವು, ಒಂದು ಕೆಂಪು, ಒಂದು ನೀಲಿ. (ಪೆಡಲೆಂದರೆ ಸೋಪಿನ ಡಬ್ಬಿಯಷ್ಟಿರುವ ಕಬ್ಬಿಣದ ಪೆಟ್ಟಿಗೆ. ಗಿಟಾರಿನ ಸ್ವರ ಇದರೊಳಗೆ ಹೊಕ್ಕು ಹೊರಬರುವಷ್ಟರಲ್ಲಿ ಗುಣ ಬದಲಿಸಿಕೊಂಡಿರುತ್ತದೆ. ನುಡಿಸುವವನ ಕೈಗಳೆರಡೂ ತಂತಿಯ ಮೇಲಿರುವುದರಿಂದ ಗುಂಡಿಯನ್ನು ಕಾಲಿನಿಂದ ಒತ್ತಬೇಕು.) ಕೆಂಪು ಪೆಡಲು ಸ್ವರಕ್ಕೆ ಗರಗಸದ ಹಲ್ಲು ಮೂಡಿಸುತ್ತಿತ್ತು. ನೀಲಿಯದು ಆಗತಾನೆ ನಿದ್ದೆಯಿಂದೆದ್ದವರ ಗಂಟಲಿನ ಹಾಗೆ ಸ್ವಲ್ಪ ಒರಟು, ಸ್ವಲ್ಪ ಬೆಚ್ಚಗೆ. ಬೆಳಿಗ್ಗೆ ಏಳಕ್ಕೆ ಕೆಂಪೇ ಶ್ರೇಷ್ಠ ಅನ್ನಿಸಿತ್ತು. ಎಂಟಕ್ಕೆ ನೀಲಿ. ಎಂಟೂವರೆಗೆ ಎರಡೂ ಒಂದೇ ಅನ್ನಿಸಿ, ತಮ್ಮ ಕಿವಿಯ ಮೇಲೆಯೇ ಅವಿಶ್ವಾಸ ನಿರ್ಣಯ ಮಂಡಿಸಿದ್ದರು.

"ಎರಡನ್ನೂ ಇಟ್ಕೊಳಿ" ಎಂದಳು ಹೆಂಡತಿ, ಅವುಗಳ ನಡುವೆ ತಟ್ಟೆಯಿಡಲು ಜಾಗ ಹುಡುಕುತ್ತ.

"ಇಟ್ಕೊಳ್ಳೋ ಹಾಗಿಲ್ಲ. ಹಲ್ಲಿನ ಡಾಕ್ಟರು ಒಂದೇ ಅಂದಿದಾರೆ."

ಹಲ್ಲಿನ ಡಾಕ್ಟರು ಅವರ ವಾದ್ಯತಂಡದ ಗಾಯಕ, ಮುಖ್ಯಸ್ಥ, ಸರ್ವಾಧಿಕಾರಿ. ಡಾಕ್ಟರರ ಈ ಕಟ್ಟಪ್ಪಣೆಗೆ ಹಿನ್ನೆಲೆಯಿತ್ತು. ಹಿಂದಿನ ತಿಂಗಳು ಆಸ್ಪತ್ರೆಯ ವಾರ್ಷಿಕೋತ್ಸವಕ್ಕೆ ಕನ್ನಡಕದವರು ಒಂದು ಹಲಗೆಯ ಮೇಲೆ ಏಳು ಪೆಡಲುಗಳನ್ನು ಜೋಡಿಸಿಕೊಂಡು ಹೋಗಿದ್ದರು. ಒರಟುತನಕ್ಕೊಂದು, ಪ್ರತಿಧ್ವನಿಗೊಂದು, ನಡುಕಕ್ಕೊಂದು, ಶ್ರುತಿ ನೋಡಿಕೊಳ್ಳುವುದಕ್ಕೊಂದು, ಇನ್ನುಳಿದ ಮೂರು ಯಾತಕ್ಕೆಂದು ಅಂಗಡಿಯವನಿಗೂ ಗೊತ್ತಿರಲಿಲ್ಲ. ಅವರ ಒಂಟಿ ವಾದನದ ಘಳಿಗೆ ಬಂತು. ಒರಟಿನ ಪೆಡಲೆಂದು ತಿಳಿದು ಕಾಲಿಟ್ಟದ್ದು ಶ್ರುತಿಯ ಪೆಡಲಿನ ಮೇಲೆ. ಅದನ್ನೊತ್ತಿದರೆ ಗಿಟಾರಿನ ಸದ್ದು ಪೂರ್ತಿ ಅಡಗುತ್ತದೆ. ಕನ್ನಡಕದವರು ಕಣ್ಣು ಮುಚ್ಚಿ, ಕತ್ತು ಹಿಂದಕ್ಕೆಸೆದು, ತುಟಿ ಕಚ್ಚಿ, ನಲವತ್ತು ಸೆಕೆಂಡುಗಳ ಕಾಲ ಅಗಾಧ ಭಾವತೀವ್ರತೆಯಿಂದ ಮೌನವನ್ನು ನುಡಿಸಿದರು. ಜನ ಚಪ್ಪಾಳೆ ತಟ್ಟಿದ್ದು ಇನ್ನೂ ದೊಡ್ಡ ಅವಮಾನ.

ಮರುದಿನ ಹಲ್ಲಿನ ಡಾಕ್ಟರು ಅಂಗಡಿಗೇ ಬಂದರು. "ನೋಡಿ, ಬಾಯಲ್ಲಿ ಮೂವತ್ತೆರಡಿದ್ರೂ ನಾನು ಒಂದು ಸಲಕ್ಕೆ ಒಂದನ್ನೇ ಕೀಳೋದು. ಗ್ರಂಥಾಲಯದ ಕಾರ್ಯಕ್ರಮಕ್ಕೆ ಒಂದೇ ಪೆಡಲು ತನ್ನಿ. ಅದೂ ಸರಿಯಾದದ್ದನ್ನ. ಇಲ್ಲದಿದ್ರೆ ಔಷಧಿ ಅಂಗಡಿಯವರು ಗಿಟಾರ್ ಕಲ್ತಿದಾರೆ, ಬರ್ತೀನಿ ಅಂತ ಕಾಯ್ತಾ ಕೂತಿದಾರೆ."

ಹತ್ತು ವರ್ಷ ನುಡಿಸಿದ ತಂಡದಲ್ಲಿ ತಮ್ಮ ಜಾಗಕ್ಕೆ ಮಾತ್ರೆ ಎಣಿಸುವವರು ಬಂದು ನಿಲ್ಲುವುದನ್ನು ನೆನೆದರೆ ಕನ್ನಡಕದವರಿಗೆ ಊಟ ಸೇರುತ್ತಿರಲಿಲ್ಲ.

"ನನ್ನನ್ನ ಕೇಳಿದ್ರೆ..." ಎಂದು ಹೆಂಡತಿ ಬಾಯಿ ತೆರೆದಳು.

"ದಯವಿಟ್ಟು ಬೇಡ!" ಕನ್ನಡಕದವರು ಎರಡೂ ಕೈಗಳನ್ನು ಮೇಲೆತ್ತಿದರು. "ಇದೊಂದನ್ನ ನಾನೇ ಆರಿಸ್ತೀನಿ."

ಇದನ್ನು ಅರ್ಥ ಮಾಡಿಕೊಳ್ಳಬೇಕಾದರೆ ಆಕೆಯ ಎಡಹುಬ್ಬಿನ ವಿಷಯ ತಿಳಿದಿರಬೇಕು.

ಅಂಗಡಿಯಲ್ಲಿ ಮಸೂರದ ಖಾತೆ ಗಂಡನದು, ಚೌಕಟ್ಟಿನ ಖಾತೆ ಹೆಂಡತಿಯದು. ಗಿರಾಕಿಗಳು ಮುಂದಿನ ಕೋಣೆಯಲ್ಲಿ ಒಂದಾದ ಮೇಲೊಂದು ಚೌಕಟ್ಟು ಹಾಕಿಕೊಳ್ಳುವರು. ಅಲ್ಲಿ ಹನ್ನೊಂದು ಕನ್ನಡಿಗಳಿದ್ದರೂ ಯಾರೂ ಅವುಗಳಲ್ಲಿ ನೋಡಿಕೊಳ್ಳುತ್ತಿರಲಿಲ್ಲ. ನೋಡುತ್ತಿದ್ದದ್ದು ಆಕೆಯ ಮುಖವನ್ನು. ಆಕೆ ಏನೂ ಹೇಳುತ್ತಿರಲಿಲ್ಲ. ಎಡಹುಬ್ಬು ಕೂದಲೆಳೆಯಷ್ಟು ಮೇಲೇರಿದರೆ ಗಿರಾಕಿ ಆ ಚೌಕಟ್ಟನ್ನು ತೆಗೆದಿಟ್ಟು, "ಇದು ನಂಗೇ ಯಾಕೋ ಸರಿಕಾಣ್ಲಿಲ್ಲ" ಎನ್ನುವನು. ಹುಬ್ಬು ಸಡಿಲಗೊಂಡರೆ ಕೊಂಡುಹೋಗುವನು, ಅದು ತನ್ನದೇ ಆಯ್ಕೆಯೆಂಬ ಹೆಮ್ಮೆಯೊಂದಿಗೆ.

ಈ ಹುಬ್ಬಿನ ಆಳ್ವಿಕೆ ಅಂಗಡಿಯ ಮೇಲಿನ ಮಹಡಿಗೂ, ಅಂದರೆ ಮನೆಗೂ, ವಿಸ್ತರಿಸಿತ್ತು. ಪರದೆಯ ಬಣ್ಣ, ಅಂಗಿಯ ಗೀರು, ಮಂಚದ ದಿಕ್ಕು, ಒಂದು ಕಾಲದಲ್ಲಿ ಕನ್ನಡಕದವರ ಮುಖದ ಮೇಲೆ ಬಾಳಿ ಬದುಕಿದ್ದ ಮೀಸೆ, ಇವೆಲ್ಲವೂ ಒಂದು ಮಾತೂ ಇಲ್ಲದೆ ಇತ್ಯರ್ಥವಾಗಿದ್ದವು. ಕನ್ನಡಕದವರು ವಿಜ್ಞಾನದ ಪುಸ್ತಕಗಳನ್ನು ಓದಿದವರು, ಸಂದೇಹವನ್ನೇ ವ್ರತವಾಗಿ ಹಿಡಿದವರು. ತಮ್ಮ ಬಾಳಿನಲ್ಲಿ ಒಂದೇ ಒಂದು ನಿರ್ಣಯವಾದರೂ ಆ ಹುಬ್ಬಿನ ಸರಹದ್ದಿನಾಚೆ, ಶುದ್ಧ ಪ್ರಮಾಣದ ಮೇಲೆ ನಿಲ್ಲಬೇಕೆಂಬುದು ಅವರ ಬಹುದಿನದ ಹಂಬಲ.

ಆಗಲೇ ಅವರ ದೃಷ್ಟಿ ಕಿಟಕಿಯ ಬಳಿ ಕೂತು ಪತ್ರಿಕೆ ಓದುತ್ತಿದ್ದ ಮಾವನವರ ಮೇಲೆ ಬಿತ್ತು. ತಲೆಯಲ್ಲಿ ದೀಪ ಹೊತ್ತಿಕೊಂಡಿತು.

ಮಾವ, ಎಂದರೆ ಹೆಂಡತಿಯ ತಂದೆ, ಅವರೊಂದಿಗೆ ವಾಸಕ್ಕೆ ಬಂದು ಮೂರು ವರ್ಷವಾಗಿತ್ತು. ಬಟ್ಟೆ ಗಿರಣಿಯಲ್ಲಿ ಮೂವತ್ತೈದು ವರ್ಷ ಮಗ್ಗದ ಮೇಸ್ತ್ರಿಯಾಗಿದ್ದವರು. ಇನ್ನೂರು ಮಗ್ಗಗಳು ಒಟ್ಟಿಗೆ ಬಡಿಯುವ ಶೆಡ್ಡಿನಲ್ಲಿ ಬರಿಗಾಲಲ್ಲಿ ಕಣ್ಣು ಮುಚ್ಚಿ ನಿಂತು, "ಮೂರನೇ ಸಾಲು, ಒಂಬತ್ತನೇದು ಕೆಟ್ಟಿದೆ" ಎನ್ನುತ್ತಿದ್ದರಂತೆ. ಹೋಗಿ ನೋಡಿದರೆ ಅದೇ ಕೆಟ್ಟಿರುತ್ತಿತ್ತಂತೆ. ಅವರ ಕಿವಿಗೆ ಗಿರಣಿಯಲ್ಲೆಲ್ಲ ಹೆಸರು. ಬೀದಿಯಲ್ಲೂ ಅವರಷ್ಟು ಚೆನ್ನಾಗಿ ಕೇಳಿಸಿಕೊಳ್ಳುವವರು ಇನ್ನೊಬ್ಬರಿಲ್ಲ. ಎದುರಿಗೆ ಕೂತು, ಹೇಳುವವರ ಮುಖದಿಂದ ಕಣ್ಣು ಕೀಳದೆ, ನಡುವೆ ಬಾಯಿ ಹಾಕದೆ, ಕೊನೆಯವರೆಗೂ ಕೇಳುವರು. ತಮ್ಮ ಹೆಂಡತಿಯರ ಮೇಲೆ ದೂರಿದ್ದ ಗಂಡಂದಿರೆಲ್ಲ ಸಂಜೆ ಅವರನ್ನು ಹುಡುಕಿಕೊಂಡು ಬರುತ್ತಿದ್ದರು.

ಕನ್ನಡಕದವರು ಕುರ್ಚಿಯೆಳೆದು ಮಾವನ ಎದುರಿಗೆ ಕೂತರು. "ಮಾವಾ, ನಿಮ್ಮ ಕಿವಿ ನಂಗೆ ಒಂದು ಮಧ್ಯಾಹ್ನದ ಮಟ್ಟಿಗೆ ಬೇಕು."

ಮಾವ ಅಳಿಯನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. "ಕಿವೀನಾ?"

"ಎರಡು ಪೆಡಲಲ್ಲಿ ಯಾವುದು ಒಳ್ಳೇದು ಅಂತ ಕೇಳಿ ಹೇಳ್ಬೇಕು. ನಿಮ್ಮ ಮಾತೇ ಅಂತಿಮ. ನನ್ನ ಮಾನ ನಿಮ್ಮ ಕೈಲಿದೆ."

ಮಾವ ಮಗಳ ಕಡೆ ನೋಡಿದರು, ಮತ್ತೆ ಅಳಿಯನ ಕಡೆ ನೋಡಿದರು. "ಆಗ್ಲಿ ಅಳಿಯಂದ್ರೇ. ನೀವು ಇಷ್ಟು ಆಸೆಪಟ್ಟು ಕೇಳುವಾಗ..." ಎಂದು ಪತ್ರಿಕೆ ಮಡಚಿದರು.

ಪ್ರಯೋಗದ ಸಿದ್ಧತೆ ಒಂದು ಸಣ್ಣ ಯುದ್ಧಕ್ಕೆ ಸಾಲುವಷ್ಟಿತ್ತು. ಸ್ಥಳ: ಅಂಗಡಿಯ ಹಿಂಬದಿಯ ಕಣ್ಣಿನ ಪರೀಕ್ಷೆಯ ಕೋಣೆ. ಅಲ್ಲಿ ಕಿಟಕಿಯಿಲ್ಲ, ಬೀದಿಯ ಸದ್ದಿಲ್ಲ, ಕುರ್ಚಿ ನೆಲಕ್ಕೆ ಬಿಗಿದದ್ದು. ಆದ್ದರಿಂದ ಕೇಳುವವರ ತಲೆ ಪ್ರತಿ ಸಲವೂ ಅದೇ ಜಾಗದಲ್ಲಿರುತ್ತದೆ. ಎರಡು ಪೆಡಲುಗಳ ನಡುವೆ ಒಂದು ಸ್ವಿಚ್ಚಿನ ಪೆಟ್ಟಿಗೆ. ಒತ್ತಿದರೆ ಕೆಂಪಿನಿಂದ ನೀಲಿಗೆ, ಮತ್ತೊತ್ತಿದರೆ ನೀಲಿಯಿಂದ ಕೆಂಪಿಗೆ. ಪೆಡಲುಗಳ ದೀಪಗಳಿಗೆ ಕಪ್ಪು ಪಟ್ಟಿ ಅಂಟಿಸಲಾಯಿತು. ಜೋರಾಗಿ ಕೇಳುವುದೇ ಚೆನ್ನಾಗಿ ಕೇಳುತ್ತದೆಂಬ ಭ್ರಮೆಯನ್ನು ತಪ್ಪಿಸಲು ಎರಡರ ಸದ್ದನ್ನೂ ಅಳೆದು ಸಮ ಮಾಡಲಾಯಿತು. ಯಾವುದು ಮೊದಲು ಯಾವುದು ಆಮೇಲೆಂಬುದನ್ನು ನಲವತ್ತು ಸಲ ನಾಣ್ಯ ಚಿಮ್ಮಿ ನಿರ್ಧರಿಸಿ, ಹೆಂಡತಿ ಒಂದು ನೋಟುಪುಸ್ತಕದಲ್ಲಿ ಬರೆದುಕೊಂಡಳು. ಕನ್ನಡಕದವರು ಆ ಪಟ್ಟಿಯನ್ನು ನೋಡಲಿಲ್ಲ. ತಮಗೆ ಗೊತ್ತಾದರೆ ನುಡಿಸುವ ಕೈ ಪಕ್ಷಪಾತ ಮಾಡೀತೆಂದು ಕಣ್ಣಿಗೂ ಬಟ್ಟೆ ಕಟ್ಟಿಕೊಳ್ಳುವವರಿದ್ದರು. ಮುಂದಿನ ಕೋಣೆಯ ಹನ್ನೊಂದು ಕನ್ನಡಿಗಳಿಗೆ ಹಾಸಿಗೆಯ ಚಾದರಗಳನ್ನು ಹೊದಿಸಿದರು.

"ಅದ್ಯಾಕೆ? ಅಪ್ಪ ಒಳಗಿನ ಕೋಣೇಲಿ ತಾನೇ ಕೂರೋದು?"

"ಬಾಗಿಲ ಸಂದಿಯಿಂದ ಪ್ರತಿಬಿಂಬ ಬಂದ್ರೆ? ವಿಜ್ಞಾನದಲ್ಲಿ ಸಂದಿ ಬಿಡೋ ಹಾಗಿಲ್ಲ."

ನೋಟುಪುಸ್ತಕದ ಮೊದಲ ಪುಟದಲ್ಲಿ ಕೇಳುಗರ ವಿವರ ಬರೆದರು: "ಹೆಂಡತಿಯ ತಂದೆ. ವಯಸ್ಸು ಎಪ್ಪತ್ತೊಂದು. ಕಿವಿ: ಅತ್ಯುತ್ತಮ."

ಕೊನೆಗೆ ಹೆಂಡತಿಗೆ ಕಟ್ಟುಪಾಡುಗಳನ್ನು ವಿಧಿಸಿದರು. ಆಕೆ ಕುರ್ಚಿಯ ಹಿಂದೆ ನಿಂತು ಸ್ವಿಚ್ಚು ಒತ್ತಬೇಕು. ಬಾಯಿಂದ ಚಕಾರ ಹೊರಡಕೂಡದು. ಕೆಮ್ಮಕೂಡದು, ನಿಟ್ಟುಸಿರೂ ಕೂಡದು. ಏನಾದರೂ ಅಸಹಜ ಘಟಿಸಿದರೆ ಷರಾ ಅಂಕಣದಲ್ಲಿ ಬರೆಯಬೇಕು.

"ನಗಬಹುದಾ?"

"ಸದ್ದು ಮಾಡದೆ ನಗು. ಮುಖ ಹೇಗೆ ಬೇಕಾದ್ರೂ ಇಟ್ಕೋ. ಮುಖಕ್ಕೇನು ಶಬ್ದವಿದೆಯಾ?"

"ಇಪ್ಪತ್ತು ವರ್ಷದಿಂದ ನನ್ನ ಬಾಯಿ ಮುಚ್ಚಿಸೋಕೆ ದಾರಿ ಹುಡುಕ್ತಿದ್ರಿ, ಅಂತೂ ಸಿಕ್ಕಿತು" ಎಂದು ಆಕೆ ತನ್ನ ಕೊನೆಯ ಮಾತನ್ನು ದಾಖಲಿಸಿದಳು.

ಪ್ರಯೋಗ ಶುರುವಾಯಿತು. ಮಾವ ತಮ್ಮ ಹೊಸ ಕನ್ನಡಕವನ್ನು ಒರೆಸಿ ಹಾಕಿಕೊಂಡು (ದೂರದ್ದನ್ನು ನಿಚ್ಚಳವಾಗಿ ತೋರಿಸಲೆಂದು ಅಳಿಯನೇ ಆಗಷ್ಟೆ ಮಾಡಿಕೊಟ್ಟದ್ದು), ಚಪ್ಪಲಿ ಕಳಚಿಟ್ಟು, ಕುರ್ಚಿಯಲ್ಲಿ ನೆಟ್ಟಗೆ ಕೂತರು. ಅಳಿಯ ಗಿಟಾರ್ ಹಿಡಿದಾಗಲೆಲ್ಲ ಅವರು ಚಪ್ಪಲಿ ಬಿಡುತ್ತಿದ್ದರು. ಕಲೆಗೆ ಸಲ್ಲಿಸುವ ಆ ಗೌರವವನ್ನು ಕನ್ನಡಕದವರು ಪ್ರತಿ ಸಲವೂ ತಲೆಬಾಗಿ ಸ್ವೀಕರಿಸುತ್ತಿದ್ದರು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕುರ್ಚಿಯ ಹಿಂದಿನಿಂದ "ಒಂದು" ಎಂದು ಕೂಗಿ ನುಡಿಸಿದರು. ಟಕ್. "ಎರಡು" ಎಂದು ಕೂಗಿ ಅದನ್ನೇ ಮತ್ತೆ ನುಡಿಸಿದರು.

"ಎರಡು" ಎಂದರು ಮಾವ.

ಮುಂದಿನ ಸಲ "ಒಂದು". ಅದರ ಮುಂದಿನದೂ "ಒಂದು". ತಡವರಿಕೆಯಿಲ್ಲ, "ಇನ್ನೊಂದ್ಸಲ ನುಡಿಸಿ" ಎಂಬ ರಾಗವಿಲ್ಲ. ಇಪ್ಪತ್ತೆರಡು ವರ್ಷಗಳಲ್ಲಿ ಆ ಕುರ್ಚಿಯಲ್ಲಿ ಇಷ್ಟು ಖಚಿತವಾಗಿ ಉತ್ತರಿಸಿದವರು ಕೂತಿರಲಿಲ್ಲ. ಎರಡು ತಾಸಿನಲ್ಲಿ ನಲವತ್ತು ಸುತ್ತು ಮುಗಿಯಿತು.

ಕನ್ನಡಕದವರು ಕಣ್ಣಿನ ಬಟ್ಟೆ ಬಿಚ್ಚಿ, ಪಟ್ಟಿ ತೆರೆದು, ಲೆಕ್ಕ ಹಾಕಿದರು. ನಲವತ್ತರಲ್ಲಿ ಮೂವತ್ತೆಂಟು ಸಲ ಮಾವ ನೀಲಿಯನ್ನೇ ಆರಿಸಿದ್ದರು.

"ಇದು ಆಕಸ್ಮಿಕವಾಗಿ ಆಗಬೇಕಾದ್ರೆ ಎಷ್ಟು ಕೋಟಿ ಸಲ ಪ್ರಯೋಗ ಮಾಡಬೇಕು ಗೊತ್ತಾ?" ಎಂದು ಕೋಣೆಯಲ್ಲೆಲ್ಲ ಓಡಾಡಿದರು. "ಸತ್ಯ! ಇದಕ್ಕೆ ಸತ್ಯ ಅಂತಾರೆ!"

"ಹಾಗಾದ್ರೆ ನೀಲೀನೇ ಅಲ್ವಾ? ನಂಗೂ ಮೊದಲಿಂದ ಅದೇ ಅನ್ನಿಸಿತ್ತು" ಎಂದಳು ಹೆಂಡತಿ, ಮರಳಿ ಬಂದ ಮಾತನ್ನು ಮೊದಲು ಬಳಸಿಕೊಳ್ಳುತ್ತ.

ಕನ್ನಡಕದವರು ಕರುಣೆಯಿಂದ ನಕ್ಕರು. "ನಿಂಗೆ ಅನ್ನಿಸೋದು ಬೇರೆ, ಪ್ರಯೋಗದಲ್ಲಿ ಸಾಬೀತಾಗೋದು ಬೇರೆ. ಅನ್ನಿಸಿಕೆಗೆ ಇಲ್ಲಿ ಪ್ರವೇಶವೇ ಇರಲಿಲ್ಲ."

ಮಾವ ಚಪ್ಪಲಿ ಮೆಟ್ಟಿಕೊಳ್ಳುತ್ತ ಮಗಳ ಮುಖ ನೋಡಿ ಮುಗುಳ್ನಕ್ಕರು.

ಗ್ರಂಥಾಲಯದ ಸಭಾಂಗಣದಲ್ಲಿ ಕನ್ನಡಕದವರು ಒಂದೇ ಒಂದು ನೀಲಿ ಪೆಡಲಿನೊಂದಿಗೆ ನಿಂತರು. ಕಾಲಿಡಲು ಒಂದೇ ಜಾಗವಿದ್ದುದರಿಂದ ಕಾಲು ಅಲ್ಲಿಗೇ ಹೋಯಿತು. ಒಂಟಿ ವಾದನದ ಹೊತ್ತಿಗೆ ಸ್ವರ ಬೆಚ್ಚಗೆ ಎದ್ದುಬಂತು, ಎಲ್ಲೂ ಕಿರುಚಲಿಲ್ಲ. ಹಿಂದಿನ ಸಾಲಿನ ಮುದುಕಿಯೊಬ್ಬಳು ಕಣ್ಣು ಮುಚ್ಚಿ ತಲೆದೂಗಿದಳು. ಮೊದಲ ಸಾಲಿನಲ್ಲಿ ಮಾವ ಬರಿಗಾಲನ್ನು ಹಲಗೆ ನೆಲದ ಮೇಲೆ ಊರಿ, ಅವರ ಪಕ್ಕದಲ್ಲಿ ಹೆಂಡತಿ ಹುಬ್ಬು ಸಡಿಲಿಸಿ ಕೂತಿದ್ದರು. ಹಲ್ಲಿನ ಡಾಕ್ಟರು ಆಮೇಲೆ ಬೆನ್ನು ತಟ್ಟಿ, "ಇಷ್ಟು ದಿನ ಇದನ್ನ ಎಲ್ಲಿ ಬಚ್ಚಿಟ್ಟಿದ್ರಿ?" ಎಂದರು. ಔಷಧಿ ಅಂಗಡಿಯವರು ಮಾತ್ರೆ ಎಣಿಸುತ್ತಲೇ ಉಳಿದರು.

ಅಂದಿನಿಂದ ಕನ್ನಡಕದವರು ಒಂದು ಬಗೆಯ ಪ್ರವಚನಕಾರರಾದರು. ಮಸೂರ ಹೊಂದಿಸುತ್ತ, ಕುರ್ಚಿ ಬಿಟ್ಟು ಓಡಲಾಗದ ಗಿರಾಕಿಗಳಿಗೆ, ಮನುಷ್ಯನ ಅಭಿಪ್ರಾಯ ಎಷ್ಟು ಅವಿಶ್ವಸನೀಯ, ಪ್ರಯೋಗ ಎಷ್ಟು ಪವಿತ್ರ ಎಂದು ವಿವರಿಸುವರು. "ನಮ್ಮನೇಲಿ ಎಲ್ಲಾ ಅವಳದೇ ಆಯ್ಕೆ, ನಿಜ. ಆದ್ರೆ ಆ ಪೆಡಲಿದೆಯಲ್ಲ, ಅದು ಮಾತ್ರ ನಂದು!" ಹೊರಗಿನ ಕೋಣೆಯಿಂದ ಹೆಂಡತಿ, "ಹೌದು ಹೌದು, ನಿಮ್ದೇ" ಎಂದು ಕೂಗುವಳು.

ಹೀಗೆ ಆರು ವರ್ಷ ಸುಖವಾಗಿ ಕಳೆಯಿತು. ಏಳನೆಯ ವರ್ಷ ಮಾವ ತೀರಿಕೊಂಡರು; ಮಧ್ಯಾಹ್ನ ಊಟ ಮಾಡಿ, ಕಿಟಕಿಯ ಬಳಿ ಪತ್ರಿಕೆ ತೆರೆದು, ಮೂರನೇ ಪುಟಕ್ಕೆ ಬಂದಿದ್ದರಷ್ಟೆ. ಬೀದಿಯ ಗಂಡಂದಿರೆಲ್ಲ ಬಂದು ಅತ್ತರು. ಇನ್ನು ತಮ್ಮ ಮಾತು ಕೇಳುವವರ್ಯಾರು ಎಂಬ ದುಃಖ ಅವರಿಗೆ.

ನಾಲ್ಕು ತಿಂಗಳ ಮೇಲೆ, ಪಕ್ಕದ ಬೀದಿಯ ಕಿವಿ ಡಾಕ್ಟರಮ್ಮ ಓದುವ ಕನ್ನಡಕ ಮಾಡಿಸಿಕೊಳ್ಳಲು ಬಂದರು. ಪರೀಕ್ಷೆ ನಡೆದಿರುವಾಗ ಮಾವನವರ ಮಾತು ಬಂತು.

"ಅಪರೂಪದ ಮನುಷ್ಯ" ಎಂದರು ಡಾಕ್ಟರಮ್ಮ. "ವರ್ಷಕ್ಕೊಂದ್ಸಲ ಬರ್ತಿದ್ರು. ಆ ಕಿವಿ ಇಟ್ಕೊಂಡು ಅಷ್ಟು ನಗುನಗ್ತಾ ಇದ್ದವರನ್ನ ನಾನು ನೋಡಿಲ್ಲ."

"ಅದ್ಭುತ ಕಿವಿ ಅಲ್ವಾ?"

ಡಾಕ್ಟರಮ್ಮ ಪರೀಕ್ಷೆಯ ಚೌಕಟ್ಟಿನೊಳಗಿಂದ ಅವರನ್ನು ದಿಟ್ಟಿಸಿದರು. "ಎಲ್ಲಿಯ ಅದ್ಭುತ? ಪೂರ್ತಿ ಹೋಗಿತ್ತಲ್ಲ! ಗಿರಣಿಯ ಮಗ್ಗಗಳು ತಿಂದುಹಾಕಿದ್ದವು. ನಿಮ್ಮನೆಗೆ ಬರೋದಕ್ಕೆ ಮೊದಲೇ. ಪಕ್ಕದಲ್ಲಿ ಪಟಾಕಿ ಹೊಡೆದ್ರೆ ನೆಲ ಅದುರಿದ್ದು ಅಂಗಾಲಿಗೆ ಗೊತ್ತಾಗ್ತಿತ್ತು, ಅಷ್ಟೆ. ಆ ಗಿರಣಿಯವರೆಲ್ಲ ತುಟಿ ನೋಡೇ ಮಾತಾಡ್ಕೊಳ್ಳೋದು. ನಿಮಗೆ ಗೊತ್ತಿರಲಿಲ್ವಾ?"

ಕನ್ನಡಕದವರ ಕೈಯಲ್ಲಿದ್ದ ಮಸೂರ ನೆಲಕ್ಕೆ ಬಿತ್ತು.

"ಮನೇಲಿ ಹೇಳಿ ಅಂತ ನಾನೂ ಅಂದೆ. 'ಹೇಳಿದ್ರೆ ಮಗಳು ಬೀದಿಗೆಲ್ಲ ಕೇಳೋ ಹಾಗೆ ಕಿರುಚ್ತಾಳೆ. ಈಗ ಎಲ್ಲರೂ ಹತ್ತಿರ ಬಂದು, ಮುಖ ಕೊಟ್ಟು ಮಾತಾಡ್ತಾರೆ, ಇದೇ ಚೆನ್ನಾಗಿದೆ' ಅಂತಿದ್ರು."

ಡಾಕ್ಟರಮ್ಮ ಹೋದ ಮೇಲೆ ಕನ್ನಡಕದವರು ಬಾಗಿಲಿಗೆ 'ಮುಚ್ಚಿದೆ' ಫಲಕ ತೂಗುಹಾಕಿ, ಹೆಂಡತಿಗೆ ಎಲ್ಲವನ್ನೂ ಹೇಳಿದರು. ಆಕೆ ಸ್ವಲ್ಪ ಅತ್ತು, ಆಮೇಲೆ, "ಅದಕ್ಕೇ ನಾನು ಅಡುಗೆಮನೆಯಿಂದ ಕರೆದ್ರೆ ಯಾವತ್ತೂ ಬರ್ತಿರಲಿಲ್ಲ, ಕಳ್ಳ!" ಎಂದು ಮೂಗೊರೆಸಿಕೊಂಡಳು.

"ಅದು ಸರಿ, ಆದ್ರೆ ಮೂವತ್ತೆಂಟು!" ಕನ್ನಡಕದವರು ತಲೆ ಹಿಡಿದುಕೊಂಡರು. "ಕೇಳದೇ ಇರೋರು ನಲವತ್ತಕ್ಕೆ ಮೂವತ್ತೆಂಟು ಹೇಗೆ ಹೇಳಿದ್ರು?"

ಆರು ವರ್ಷದ ಹಳೆಯ ನೋಟುಪುಸ್ತಕ ಕಪಾಟಿನಿಂದ ಇಳಿಯಿತು. ಮಾವ ತಪ್ಪಿ ಕೆಂಪನ್ನಾರಿಸಿದ ಎರಡೇ ಸುತ್ತುಗಳು ಹದಿನೇಳನೆಯದು ಮತ್ತು ಮೂವತ್ತೊಂದನೆಯದು. ಷರಾ ಅಂಕಣದಲ್ಲೂ ಹೆಂಡತಿಯ ದುಂಡಕ್ಷರದಲ್ಲಿ ಎರಡೇ ಸಾಲು: "೧೭: ನೀಲಿ ನುಡಿಯುವಾಗ ಸೀನು ಬಂತು, ಮುಖ ಕಿವಿಚಿ ತಡೆದೆ. ೩೧: ನೀಲಿಯಲ್ಲಿದ್ದಾಗ ಕಾಲಿಗೆ ಜೋಮು ಹತ್ತಿತು, ಅಸಾಧ್ಯ ನೋವು."

ಕನ್ನಡಕದವರು ಎದ್ದು ಪರೀಕ್ಷೆಯ ಕೋಣೆಗೆ ನಡೆದು, ಆ ಕುರ್ಚಿಯಲ್ಲಿ ಕೂತರು. ಇಪ್ಪತ್ತೆಂಟು ವರ್ಷಗಳಲ್ಲಿ ಅವರು ಅದರಲ್ಲಿ ಕೂತದ್ದು ಅದೇ ಮೊದಲು. ಎದುರಿಗೆ ನೋಡಿದರು.

ಅಕ್ಷರದ ಫಲಕವನ್ನು ಇಪ್ಪತ್ತಡಿ ದೂರದಿಂದ ಓದಿಸಬೇಕೆಂಬುದು ನಿಯಮ. ಕೋಣೆ ಇದ್ದದ್ದು ಹತ್ತಡಿ. ಆದ್ದರಿಂದ ಅಂಗಡಿ ತೆರೆದ ವರ್ಷವೇ ಅಕ್ಷರಗಳನ್ನು ಎಡಬಲ ತಿರುಗಿಸಿ ಬರೆದ ಫಲಕವನ್ನು ಕುರ್ಚಿಯ ಹಿಂದಿನ ಗೋಡೆಗೆ ತೂಗುಹಾಕಿ, ಎದುರಿನ ಗೋಡೆಗೆ ಒಂದು ದೊಡ್ಡ ಕನ್ನಡಿ ಜಡಿದಿದ್ದರು. ಎಲ್ಲ ಕನ್ನಡಕದವರೂ ಮಾಡುವ ಉಪಾಯ. ಹನ್ನೊಂದು ಕನ್ನಡಿಗೆ ಚಾದರ ಹೊದಿಸಿದ ದಿನ ಇದು ನೆನಪಾಗಲೇ ಇಲ್ಲ; ಅವರ ಮಟ್ಟಿಗೆ ಅದು ಎಂದೋ ಕನ್ನಡಿಯಾಗಿ ಉಳಿದಿರಲಿಲ್ಲ, ಇನ್ನೊಂದು ಹತ್ತಡಿಯಾಗಿತ್ತು. ಆ ಹತ್ತಡಿಯೊಳಗೆ ಈಗ ಕುರ್ಚಿಯ ಹಿಂದೆ ನಿಂತ ಹೆಂಡತಿಯ ಮುಖ ಹುಬ್ಬಿನ ಕೂದಲು ಸಹಿತ ಸ್ಪಷ್ಟವಾಗಿ ಕಾಣುತ್ತಿತ್ತು.

"ಯಾಕ್ರೀ ಹಾಗ್ ನೋಡ್ತೀರಾ?"

"ಪೆಡಲುಗಳನ್ನ ತಾ. ಹತ್ತಿನೂ ತಾ."

ಎರಡೂ ಕಿವಿಗೆ ಹತ್ತಿ ತುರುಕಿ, ಅದರ ಮೇಲೆ ಅಂಗೈ ಒತ್ತಿಕೊಂಡು ಕೂತರು. ಗಿಟಾರ್ ಬಾರದ ಹೆಂಡತಿ ತನಗೆ ತೋಚಿದಂತೆ ತಂತಿ ಮೀಟುತ್ತ, ತನಗೆ ತೋಚಿದ ಸರದಿಯಲ್ಲಿ ಸ್ವಿಚ್ಚು ಒತ್ತಿದಳು. ಕನ್ನಡಕದವರಿಗೆ ಅಕ್ಷರಶಃ ಏನೂ ಕೇಳಿಸಲಿಲ್ಲ. ಕನ್ನಡಿಯಲ್ಲಿ ಒಮ್ಮೆ ಎಡಹುಬ್ಬು ಕೂದಲೆಳೆಯಷ್ಟು ಮೇಲೇರಿತು. ಒಮ್ಮೆ ಸಡಿಲಗೊಂಡು ಇಳಿಯಿತು.

"ಯಾವುದು ಚೆನ್ನಾಗಿದೆ? ಒಂದೋ, ಎರಡೋ?" ಎಂದವು ಕನ್ನಡಿಯೊಳಗಿನ ತುಟಿಗಳು.

"ಎರಡು" ಎಂದರು ಕನ್ನಡಕದವರು, ಎಳ್ಳಷ್ಟೂ ತಡವರಿಸದೆ.

ಹತ್ತು ಸುತ್ತು ನಡೆಯಿತು. ಹತ್ತಕ್ಕೆ ಹತ್ತೂ ನೀಲಿ. ಆ ದಿನ ಆಕೆಗೆ ಸೀನು ಬರಲಿಲ್ಲ.

ಆಕೆ ಬಗ್ಗಿ ಅವರ ಕಿವಿಯಿಂದ ಹತ್ತಿ ತೆಗೆದು, "ಬೇಜಾರಾ?" ಎಂದಳು. ಕನ್ನಡಕದವರು ತಮ್ಮೊಳಗೆ ಹುಡುಕಿ ನೋಡಿದರು, ಬೇಜಾರು ಸಿಗಲಿಲ್ಲ. ಸಿಕ್ಕಿದ್ದು ಗ್ರಂಥಾಲಯದ ಮೊದಲ ಸಾಲಿನಲ್ಲಿ ಹಲಗೆ ನೆಲಕ್ಕೆ ಊರಿದ್ದ ಒಂದು ಜೊತೆ ಬರಿಗಾಲು. ಜೇಬಿನಿಂದ ಲೇಖನಿ ತೆಗೆದು, ನೋಟುಪುಸ್ತಕದ ಮೊದಲ ಪುಟ ತಿರುವಿ, ಮಾವನವರ ವಿವರದ ಮುಂದೆ 'ಕಿವಿ' ಎಂದಿದ್ದಲ್ಲಿ ಒಂದು ಗೆರೆ ಎಳೆದು, ಮೇಲೆ ತಿದ್ದಿ ಬರೆದರು:

"ದೃಷ್ಟಿ: ಅತ್ಯುತ್ತಮ. (ಕನ್ನಡಕ: ನಮ್ಮ ಅಂಗಡಿಯದೇ.)"